ಕಾರಿನ ಆಯುಸ್ಸು, ನಕ್ಷೆಯ ಆಯುಸ್ಸು

ಕಳೆದ ವರ್ಷ ಹಳೆಯ ಕಾರನ್ನು ಕೊಟ್ಟು ಹೊಸದನ್ನು ಕೊಳ್ಳುವ ಸಂದರ್ಭ ಬಂದಾಗ, ನಮ್ಮ ಮನೆಯಲ್ಲಿ ಬಣ್ಣದ ಚರ್ಚೆ ಎರಡು ದಿನ ನಡೆಯಿತು, ಪೆಟ್ರೋಲೋ ಡೀಸೆಲ್ಲೋ ಎಂಬ ಚರ್ಚೆ ಒಂದು ಸಂಜೆಗೆ ಮುಗಿಯಿತು. ಆದರೆ ದಾರಿ ತೋರಿಸುವ ಯಂತ್ರ ಕಾರಿನ ಒಡಲಲ್ಲೇ ಇರಬೇಕೋ, ಅಥವಾ ಕೈಯಲ್ಲಿ ತಂದು ಕೂರಿಸಿ ಇಳಿಯುವಾಗ ಕೊಂಡೊಯ್ಯುವಂಥದ್ದಿದ್ದರೆ ಸಾಕೋ ಎಂಬ ಪ್ರಶ್ನೆ ಮಾತ್ರ ಮೂರು ವಾರ ನನ್ನನ್ನು ಬಿಡಲಿಲ್ಲ. ಶೋರೂಮಿನಲ್ಲಿ ಕೊಟ್ಟ ಬೆಲೆಪಟ್ಟಿಯ ಪ್ರಕಾರ, ನಕ್ಷೆಯೊಂದಿಗೆ ಬರುವ ಟಾಪ್ ಮಾಡೆಲ್‌ಗೂ ಅದರ ಕೆಳಗಿನದಕ್ಕೂ 1.40 ಲಕ್ಷ ರೂಪಾಯಿ ಅಂತರವಿತ್ತು. ಅಷ್ಟೂ ಹಣ ನಕ್ಷೆಗೇ ಅಲ್ಲ, ನಿಜ. ತೆರೆದುಕೊಳ್ಳುವ ಛಾವಣಿ, ಚರ್ಮದ ಹೊದಿಕೆಯ ಸೀಟು, ಬಾಗಿಲ ಅಂಚಿನಲ್ಲಿ ಮಿನುಗುವ ನೀಲಿ ದೀಪ ಎಲ್ಲವೂ ಒಂದೇ ಗಂಟಿನಲ್ಲಿ ಸೇರಿದ್ದವು. ನಕ್ಷೆಯೊಂದನ್ನೇ ಕೊಡಿ ಎಂದರೆ ಕೊಡುವ ಪದ್ಧತಿಯಿಲ್ಲ. ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಕೇಳಿದವನಿಗೆ ಪುಟ್ಟಿ ತುಂಬ ಬದನೆಕಾಯಿಯನ್ನೂ ಹೊರಿಸಿ ಕಳಿಸಿದ ಹಾಗೆ.

ನನಗೆ ಈ ವಿಷಯದಲ್ಲಿ ಇಷ್ಟು ತಲೆಬಿಸಿಯಾಗಲು ನನ್ನ ವೃತ್ತಿಯೇ ಕಾರಣ. ನಾನು ವಿಮಾ ಸರ್ವೇಯರ್. ಅಪಘಾತಕ್ಕೀಡಾದ ಲಾರಿ, ಟ್ರ್ಯಾಕ್ಟರ್, ಕಾರುಗಳ ಹಾನಿಯನ್ನು ಸ್ಥಳಕ್ಕೇ ಹೋಗಿ ನೋಡಿ ಅಂದಾಜು ಬರೆದುಕೊಡುವುದು ನನ್ನ ಕೆಲಸ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ; ಕೆಲಸ ಮಾತ್ರ ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರಿನವರೆಗೂ ಹರಡಿಕೊಂಡಿದೆ. ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು ಇರುವ ಕಡೆ ಅಪಘಾತವಾಗುವುದು ಕಡಿಮೆ. ಕೆರೆ ಏರಿಯ ತಿರುವಿನಲ್ಲೋ, ಹೊಲದ ದಾರಿ ಹೆದ್ದಾರಿಗೆ ಬಂದು ಕೂಡುವಲ್ಲೋ ಗಾಡಿ ಮಗುಚಿರುತ್ತದೆ. ಅಲ್ಲಿಗೆ ತಲುಪುವುದು ಒಂದು ಗಂಟೆ ತಡವಾದರೆ ಕ್ರೇನಿನವರು ಗಾಡಿಯನ್ನು ಎತ್ತಿ ಬದಿಗಿಟ್ಟಿರುತ್ತಾರೆ, ನಾನು ನೋಡಬೇಕಾದ ಅರ್ಧ ಸಾಕ್ಷ್ಯ ಅಲ್ಲಿಗೇ ಅಳಿಸಿಹೋಗಿರುತ್ತದೆ.

ಈ ಕಾರಣದಿಂದಲೇ ನಮ್ಮ ಬೀದಿಯಲ್ಲಿ ಜಿಪಿಎಸ್ ಯಂತ್ರ ಕೊಂಡ ಮೊದಲಿಗ ನಾನಾಗಿದ್ದೆ. 2010ರಲ್ಲಿ ಹತ್ತು ಸಾವಿರ ಚಿಲ್ಲರೆ ಕೊಟ್ಟು ತಂದ, ಅಂಗೈಗಿಂತ ತುಸು ದೊಡ್ಡದಾದ ಪೆಟ್ಟಿಗೆ ಅದು. ರಬ್ಬರ್ ಬಟ್ಟಲಿನಿಂದ ಮುಂದಿನ ಗಾಜಿಗೆ ಅಂಟಿಸಬೇಕು, ಸಿಗರೇಟ್ ಲೈಟರಿನ ತೂತಿಗೆ ವೈರು ಚುಚ್ಚಬೇಕು. ಮೊದಲ ವಾರ ದಾರಿ ಗೊತ್ತಿದ್ದ ಊರುಗಳಿಗೂ ಅದನ್ನು ಹಚ್ಚಿಕೊಂಡೇ ಹೋದೆ. ಹರಿಹರಕ್ಕೆ ಹೋಗಲು ಅದು ಹೇಳುವ ದಾರಿ ಸರಿಯಿದೆಯೇ ಎಂದು ಪರೀಕ್ಷಿಸುವುದರಲ್ಲಿ ಒಂದು ಮಕ್ಕಳಾಟದ ಸುಖವಿತ್ತು. ಅದರ ಧ್ವನಿ ಮಾತ್ರ ಹೊರದೇಶದ ಹೆಂಗಸಿನದು. ಆಕೆಯ ಬಾಯಲ್ಲಿ ನಮ್ಮ ‘ಕೆರೆ’ಗಳೆಲ್ಲ ಬತ್ತಿ ‘ಕೇರ್’ ಆಗಿದ್ದವು.

ಆ ಯಂತ್ರದ ಗುಣವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಈಗ ಅದನ್ನು ಹೇಳುವವರು ಕಡಿಮೆ. ನಕ್ಷೆಯೆಲ್ಲ ಅದರೊಳಗಿನ ಕಾರ್ಡಿನಲ್ಲೇ ಇದ್ದುದರಿಂದ ಮೊಬೈಲ್ ಸಿಗ್ನಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೊಳಕಾಲ್ಮೂರಿನಾಚೆ, ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟದ ಬುಡದಲ್ಲಿ ನನ್ನ ಫೋನು ಪೂರ್ತಿ ಮೂಕವಾಗಿದ್ದಾಗಲೂ ಆ ಪೆಟ್ಟಿಗೆ ದಾರಿ ಹೇಳುತ್ತಿತ್ತು. ಕರೆ ಬಂದರೆ ನಕ್ಷೆ ಮರೆಯಾಗುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅದಕ್ಕೆ ಕರೆ ಬರುವುದಿಲ್ಲ. ಒಂದೇ ಕೆಲಸಕ್ಕೆಂದು ಹುಟ್ಟಿದ ವಸ್ತುವಿಗೆ ಇರುವ ಗಾಂಭೀರ್ಯ ಅದಕ್ಕಿತ್ತು. ಹೆಂಡತಿಯ ಕಾರಿಗೂ ಅದನ್ನೇ ಕಿತ್ತು ಅಂಟಿಸಬಹುದಿತ್ತು. ಎರಡು ಕಾರಿಗೆ ಒಂದೇ ಯಂತ್ರ ಸಾಕಾಗಿತ್ತು.

ಸಿಗ್ನಲ್ ಬೇಡ ಎಂಬ ಈ ಮಾತು ಇಂದಿಗೂ ಅನೇಕರಿಗೆ ನಂಬಲಾಗದ ಸಂಗತಿ. ಉಪಗ್ರಹ ನಮ್ಮ ಕಾರನ್ನು ಮೇಲಿನಿಂದ ನೋಡುತ್ತಿರುತ್ತದೆ, ನೋಡಿ ನಮಗೆ ಹೇಳುತ್ತದೆ ಎಂದೇ ಬಹುತೇಕರ ಕಲ್ಪನೆ. ವಾಸ್ತವದಲ್ಲಿ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಿಗೆ ನಾವು ಇದ್ದೇವೆ ಎಂಬುದೂ ತಿಳಿಯದು. ಅವು ತಮ್ಮ ಸಮಯವನ್ನೂ ತಾವಿರುವ ಜಾಗವನ್ನೂ ಡಂಗುರ ಸಾರಿದಂತೆ ಸಾರುತ್ತಾ ಹೋಗುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಡಂಗುರ ಕೇಳಿಸಿದರೆ, ಒಂದೊಂದೂ ಎಷ್ಟು ತಡವಾಗಿ ತಲುಪಿತು ಎಂಬುದರಿಂದ ನಮ್ಮ ಕೈಯಲ್ಲಿರುವ ಯಂತ್ರ ತಾನೇ ಲೆಕ್ಕ ಹಾಕಿ ಜಾಗವನ್ನು ಕಂಡುಕೊಳ್ಳುತ್ತದೆ. ಮೂರು ಜಾಗಕ್ಕೆ, ನಾಲ್ಕನೆಯದು ಯಂತ್ರದ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರವನ್ನು ತರಿಸಿಕೊಳ್ಳಲು ಮಾತ್ರ.

ಇನ್ನು ದೋಷಗಳು. ಆ ಪೆಟ್ಟಿಗೆಯನ್ನು ಒಂದೆರಡು ತಿಂಗಳು ಬಳಸದೆ ಇಟ್ಟು ಮತ್ತೆ ಹಚ್ಚಿದರೆ, ಅದು ಎಚ್ಚರಗೊಳ್ಳುವುದಕ್ಕೆ ಹತ್ತು ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಕೆಟ್ಟಿದೆಯೆಂದು ಎಷ್ಟೋ ಸಲ ಬೈದಿದ್ದೇನೆ. ಆಮೇಲೆ ಓದಿ ತಿಳಿದುಕೊಂಡದ್ದೇನೆಂದರೆ, ಉಪಗ್ರಹಗಳು ತಮ್ಮ ಸಂದೇಶವನ್ನು ಕಳಿಸುವ ವೇಗ ಸೆಕೆಂಡಿಗೆ 50 ಬಿಟ್ ಮಾತ್ರ. ಯಾವ ಉಪಗ್ರಹ ಯಾವಾಗ ಆಕಾಶದಲ್ಲಿ ಎಲ್ಲಿರುತ್ತದೆ ಎಂಬ ಪೂರ್ತಿ ಪಂಚಾಂಗವನ್ನು ಆ ಆಮೆವೇಗದಲ್ಲಿ ಕೇಳಿಸಿಕೊಂಡು ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಮೊಬೈಲ್ ಫೋನು ಇದೇ ಪಂಚಾಂಗವನ್ನು ಇಂಟರ್ನೆಟ್ ಮೂಲಕ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಹಾಗಾಗಿಯೇ ಅದು ಜೇಬಿನಿಂದ ತೆಗೆದ ಕೂಡಲೇ ನೀಲಿ ಚುಕ್ಕೆಯನ್ನು ತೋರಿಸುತ್ತದೆ. ನನ್ನ ಪೆಟ್ಟಿಗೆ ಕೆಟ್ಟಿರಲಿಲ್ಲ. ಪಾಪ, ತನ್ನ ಪಾಡಿಗೆ ಪಂಚಾಂಗ ಶ್ರವಣ ಮಾಡುತ್ತಿತ್ತು.

ದೊಡ್ಡ ತೊಡಕು ಹೆಸರಿನದು. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕಿತ್ತು. ಳ ಮತ್ತು ಲ, ಟ ಮತ್ತು ತ, ಡ ಮತ್ತು ದ ಒಂದೇ ಆಗಿಬಿಡುವ ಆ ಲಿಪಿಯಲ್ಲಿ ಹಿರೇಮಲ್ಲನಹೊಳೆಯನ್ನು ಬರೆಯುವುದೇ ಒಂದು ಸಾಹಸ. ಬರೆದರೂ ನಕ್ಷೆ ಮಾಡಿದವರು ಎಲ್ಲಿ ಒಂದು ‘ಎ’ ಬಿಟ್ಟಿದ್ದಾರೆ, ಎಲ್ಲಿ ಎರಡು ಹಾಕಿದ್ದಾರೆ ಎಂದು ಊಹಿಸಬೇಕು. ನಮ್ಮ ಜಿಲ್ಲಾ ಕೇಂದ್ರದ ಹೆಸರನ್ನೇ ಹಲಗೆಗಳ ಮೇಲೆ ಎರಡು ಮೂರು ರೀತಿ ಬರೆದಿರುವಾಗ ಹಳ್ಳಿಗಳ ಪಾಡು ಕೇಳುವುದೇ ಬೇಡ. ಹೆಸರು ಸಿಕ್ಕಿದ ಮೇಲೂ ಕಷ್ಟ ತಪ್ಪುವುದಿಲ್ಲ, ಏಕೆಂದರೆ ಗೊಲ್ಲರಹಟ್ಟಿ, ಬಸಾಪುರ, ಹೊಸಹಳ್ಳಿಗಳು ನಮ್ಮಲ್ಲಿ ಹೋಬಳಿಗೊಂದರಂತೆ ಇವೆ. 2012ರ ಸುಗ್ಗಿಯ ದಿನಗಳಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಜಗಳೂರು ತಾಲ್ಲೂಕಿನ ಗೊಲ್ಲರಹಟ್ಟಿಯ ಬಳಿ ಉರುಳಿತ್ತು. ಯಂತ್ರ ನನ್ನನ್ನು ಬಹಳ ಆತ್ಮವಿಶ್ವಾಸದಿಂದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಗೆ ಕರೆದೊಯ್ದು, ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ ಎಂದು ಘೋಷಿಸಿತು. ಅಲ್ಲಿ ಬೇವಿನ ಮರದ ಕೆಳಗೆ ಕುಳಿತಿದ್ದ ಹಿರಿಯರು, “ಟ್ರ್ಯಾಕ್ಟರ್ ಬಿದ್ದಿಲ್ಲ ಸಾರ್, ನಮ್ಮೂರಾಗೆ ಟ್ರ್ಯಾಕ್ಟರ್ ಇರಾದೇ ಎರಡು, ಎರಡೂ ಅಲ್ಲೇ ನಿಂತಾವೆ ನೋಡ್ರಿ” ಎಂದು ಕೈ ತೋರಿಸಿದರು. ಅಷ್ಟು ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು.

ಯಂತ್ರ ಮುದಿಯಾದ ಬಗೆ ಇನ್ನೂ ಸ್ವಾರಸ್ಯಕರ. ನಕ್ಷೆಯ ಹೊಸ ಆವೃತ್ತಿಗೆ ಹಣ ಕೊಡಬೇಕಿತ್ತು. ಎರಡು ಸಲ ಕೊಟ್ಟೆ, ಮೂರನೆಯ ಸಲ ಈ ಮಾದರಿಗೆ ಹೊಸ ನಕ್ಷೆ ಇನ್ನು ಬರುವುದಿಲ್ಲ ಎಂಬ ಉತ್ತರ ಬಂತು. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಬಿಟ್ಟುಕೊಂಡಿತು. 2024ರ ಮಾರ್ಚ್‌ನಲ್ಲಿ ಮೇಜಿನ ಖಾನೆಯಿಂದ ಅದನ್ನು ತೆಗೆದು, ಬ್ಯಾಟರಿ ಕಳಚಿ, ಬರೀ ವೈರಿನ ಮೇಲೆ ಹಚ್ಚಿ ನೋಡಿದೆ. ಜಾಗವನ್ನು ಸರಿಯಾಗಿಯೇ ತೋರಿಸಿತು. ದಿನಾಂಕ ಮಾತ್ರ 2004ರ ಜುಲೈ. ಇದಕ್ಕೂ ಕಾರಣವಿದೆ. ಜಿಪಿಎಸ್ ವ್ಯವಸ್ಥೆ ವಾರಗಳನ್ನು ಎಣಿಸುವುದು 1024ರವರೆಗೆ ಮಾತ್ರ. ಆಮೇಲೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಮುಂದಾಲೋಚನೆಯಿಲ್ಲದೆ ಬರೆದ ಹಳೆಯ ತಂತ್ರಾಂಶಗಳು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಜಿಗಿಯುತ್ತವೆ.

ಪೋರ್ಟಬಲ್ ಯಂತ್ರವೆಂದರೆ ಹೀಗೇ, ಕಾರಿನಲ್ಲೇ ಜೋಡಿಸಿ ಕೊಟ್ಟದ್ದಾದರೆ ಈ ಗೋಳಿಲ್ಲ ಎಂದು ಆಗ ನನಗೆ ಅನಿಸಿತ್ತು. ಆದರೆ 2022ರ ಜನವರಿಯಲ್ಲಿ ಅಮೆರಿಕ ಮುಂತಾದ ಕಡೆ ಕೆಲವು ಕಾರುಗಳ ಅಂತರ್ಗತ ನ್ಯಾವಿಗೇಶನ್ ಪರದೆಯ ಗಡಿಯಾರಗಳು ಹೊಸ ವರ್ಷದ ದಿನ 2002ಕ್ಕೆ ಹಿಂತಿರುಗಿದ್ದವು. ಅದೇ ವರ್ಷ ಅಲ್ಲಿನ ದೂರಸಂಪರ್ಕ ಕಂಪನಿಗಳು 3ಜಿ ಸೇವೆಯನ್ನು ನಿಲ್ಲಿಸಿದಾಗ, ಒಳಗೆ 3ಜಿ ಮೋಡೆಮ್ ಹೊತ್ತಿದ್ದ ಎಷ್ಟೋ ಕಾರುಗಳ ಸಂಪರ್ಕ ಸೌಲಭ್ಯಗಳು ಸತ್ತುಹೋದವು. ಎಂಜಿನ್ನು ಗಟ್ಟಿಮುಟ್ಟಾಗಿಯೇ ಇತ್ತು. ನನ್ನ ಪೆಟ್ಟಿಗೆಯನ್ನಾದರೆ ಖಾನೆಯೊಳಗೆ ಇಟ್ಟು ಮರೆಯಬಹುದು. ಡ್ಯಾಶ್‌ಬೋರ್ಡಿನ ನಟ್ಟನಡುವೆ ಕೂತ ಪರದೆಯನ್ನು ಎಲ್ಲಿ ಬಚ್ಚಿಡುವುದು?

ನಮ್ಮ ಭಾವನವರ ಕಾರೇ ಇದಕ್ಕೆ ಹತ್ತಿರದ ಉದಾಹರಣೆ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಅವರು 2016ರಲ್ಲಿ ನಕ್ಷೆ ಅಂತರ್ಗತವಾದ ದೊಡ್ಡ ಕಾರು ಕೊಂಡರು. ಆಗ ಅದನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ಗಾಜಿಗೆ ಬಟ್ಟಲು ಅಂಟಿಸುವ ರಗಳೆಯಿಲ್ಲ, ಜೋಲಾಡುವ ವೈರಿಲ್ಲ, ತಿರುವು ಬಂದಾಗ ಹಾಡು ತಾನಾಗಿ ತಗ್ಗುತ್ತದೆ, ಬಾಣದ ಗುರುತು ಸ್ಟೇರಿಂಗಿನ ಹಿಂದೆ ವೇಗ ತೋರಿಸುವ ಜಾಗದಲ್ಲೇ ಮೂಡುತ್ತದೆ. ಆಮೇಲಿನ ವರ್ಷಗಳಲ್ಲಿ ನಮ್ಮ ಹೆದ್ದಾರಿ 48ನ್ನು ಆರು ಪಥಕ್ಕೆ ಅಗಲ ಮಾಡುವ ಕೆಲಸ ಶುರುವಾಯಿತು. ಹಳೆಯ ಕೂಡುದಾರಿಗಳು ಮುಚ್ಚಿ, ಸರ್ವಿಸ್ ರಸ್ತೆಗಳು ಬಂದು, ಅಂಡರ್‌ಪಾಸುಗಳು ಜಾಗ ಬದಲಿಸಿ, ಚಿತ್ರದುರ್ಗದಿಂದ ದಾವಣಗೆರೆಯವರೆಗಿನ ಸುಮಾರು 60 ಕಿಲೋಮೀಟರ್ ದಾರಿಯ ಚಹರೆಯೇ ಬೇರೆಯಾಯಿತು. ಭಾವನವರ ಕಾರಿಗೆ ಇದು ಯಾವುದೂ ಗೊತ್ತಾಗಲಿಲ್ಲ. ಭರಮಸಾಗರದ ಹತ್ತಿರ ಹೊಸ ಡಾಂಬರಿನ ಮೇಲೆ ನಾವು ಹೋಗುತ್ತಿದ್ದರೆ ಪರದೆಯ ಮೇಲಿನ ಕಾರು ಹೊಲದಲ್ಲಿ ಓಡುತ್ತಿತ್ತು, ಮತ್ತು ಅದರೊಳಗಿಂದ ದಾರಿ ಹೇಳುವಾಕೆ ಪದೇ ಪದೇ ಯು ಟರ್ನ್ ಹೊಡೆಯಿರಿ ಎಂದು ಬೇಡಿಕೊಳ್ಳುತ್ತಿದ್ದಳು. ಮೂರು ವರ್ಷ ಉಚಿತವಾಗಿದ್ದ ನಕ್ಷೆಯ ನವೀಕರಣಕ್ಕೆ ಆಮೇಲೆ ಸರ್ವಿಸ್ ಸೆಂಟರಿಗೆ ಹೋಗಿ ಹಣ ಕಟ್ಟಬೇಕಿತ್ತು. ಭಾವನವರು ವ್ಯಾಪಾರಸ್ಥರು, ಲೆಕ್ಕ ಹಾಕಿ ನೋಡಿ, “ಇದಕ್ಕೆ ಕೊಡೋ ದುಡ್ಡಲ್ಲಿ ದಾರಿ ಕೇಳ್ಕೊಂತ ಟೀ ಕುಡ್ಕೊಂತ ಹೋಗಬಹುದಲ್ಲೋ ಮಾರಾಯಾ” ಎಂದು ಸುಮ್ಮನಾದರು. ಈಗ ಆ ಎಂಟು ಅಂಗುಲದ ಪರದೆಯ ಮುಂದೆಯೇ, ಎಸಿಯ ಕಿಂಡಿಗೆ ಸಿಕ್ಕಿಸಿದ ನೂರೈವತ್ತು ರೂಪಾಯಿಯ ಹೋಲ್ಡರಿನಲ್ಲಿ ಅವರ ಫೋನು ಕೂತಿರುತ್ತದೆ.

ಇಷ್ಟಕ್ಕೇ ಅಂತರ್ಗತ ವ್ಯವಸ್ಥೆ ದಂಡ ಎಂದು ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ. ಅದೇ ಕಾರಿನಲ್ಲಿ ಒಮ್ಮೆ ಬೆಂಗಳೂರಿಗೆ ಹೋಗುವಾಗ ಪೀಣ್ಯದ ಮೇಲ್ಸೇತುವೆ ಹತ್ತಿದೆವು. ನನ್ನ ಕೈಯಲ್ಲಿದ್ದ ಫೋನು ನಾವು ಸೇತುವೆಯ ಕೆಳಗಿನ ರಸ್ತೆಯಲ್ಲಿದ್ದೇವೆಂದು ಭಾವಿಸಿ, ಇಲ್ಲದ ಎಡತಿರುವುಗಳನ್ನು ಸೂಚಿಸತೊಡಗಿತು. ಮೇಲೂ ಕೆಳಗೂ ಒಂದೇ ಗೆರೆಯಲ್ಲಿ ಸಾಗುವ ಎರಡು ರಸ್ತೆಗಳನ್ನು ಬಿಡಿಸಿ ಹೇಳುವಷ್ಟು ನಿಖರತೆ ಎತ್ತರದ ಲೆಕ್ಕದಲ್ಲಿ ಅದಕ್ಕಿಲ್ಲ. ಕಾರಿನ ವ್ಯವಸ್ಥೆ ಮಾತ್ರ ತಪ್ಪಲಿಲ್ಲ; ಏರನ್ನು ಹತ್ತಿದ್ದು ಅದಕ್ಕೆ ತಿಳಿದಿತ್ತು. ಚಕ್ರ ಎಷ್ಟು ಸುತ್ತು ಸುತ್ತಿತು, ಮೂತಿ ಯಾವ ಕಡೆಗೆ ಎಷ್ಟು ತಿರುಗಿತು ಎಂಬುದು ಕಾರಿಗೆ ಒಳಗಿನಿಂದಲೇ ಗೊತ್ತಾಗುತ್ತದೆ. ಸುರಂಗದಲ್ಲಿ, ಮಾಲ್‌ಗಳ ನೆಲಮಾಳಿಗೆಯಲ್ಲಿ ಉಪಗ್ರಹದ ಡಂಗುರ ಕೇಳಿಸದೆ ಫೋನು ಗಲಿಬಿಲಿಗೊಂಡಾಗಲೂ ಕಾರು ಹೆಜ್ಜೆ ಎಣಿಸಿಕೊಂಡು ಹೋಗುತ್ತದೆ.

ನಿಜ ಹೇಳಬೇಕೆಂದರೆ ಕಾರಿನ ನ್ಯಾವಿಗೇಶನ್ ಹುಟ್ಟಿದ್ದೇ ಹೀಗೆ, ಉಪಗ್ರಹದ ಹಂಗಿಲ್ಲದೆ. ಜಪಾನಿನ ಹೋಂಡಾ ಕಂಪನಿ 1981ರಲ್ಲಿ ತಂದ ಎಲೆಕ್ಟ್ರೋ ಗೈರೋಕೇಟರ್ ಎಂಬ ಸಾಧನ ಅನಿಲದ ಗೈರೋಸ್ಕೋಪಿನಿಂದ ತಿರುವನ್ನು ಅಳೆದು, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ನಕ್ಷೆಯ ಹಿಂದೆ ಕಾರಿನ ಜಾಡನ್ನು ತೋರಿಸುತ್ತಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಎಟಾಕ್ ಕಂಪನಿ ನಕ್ಷೆಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕೊಟ್ಟಿತು. ನಾವು ಹಾಡು ಕೇಳುತ್ತಿದ್ದಂಥದ್ದೇ ಕ್ಯಾಸೆಟ್ಟು. ಮಜ್ದಾ ಕಂಪನಿ ಕಾರಿನೊಳಗೇ ಜಿಪಿಎಸ್ ಕೂರಿಸಿದ್ದು 1990ರಲ್ಲಿ. ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟ ಮೇಲಷ್ಟೇ, ನೂರು ಮೀಟರಿನಷ್ಟಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿದು, ನನ್ನ ಪೆಟ್ಟಿಗೆಯಂಥ ಅಗ್ಗದ ಯಂತ್ರಗಳಿಗೆ ಅರ್ಥ ಬಂತು.

ಈ ಇತಿಹಾಸವನ್ನು ಓದುತ್ತಿದ್ದಾಗಲೇ ನನ್ನ ಪ್ರಶ್ನೆಯನ್ನು ನಾನು ತಪ್ಪಾಗಿ ಕೇಳಿಕೊಂಡಿದ್ದೇನೆ ಎಂದು ಹೊಳೆದದ್ದು. ಕಾರಿನಲ್ಲಿದ್ದರೆ ಒಳ್ಳೆಯದೋ ಕೈಯಲ್ಲಿದ್ದರೆ ಒಳ್ಳೆಯದೋ ಎಂದು ಕೇಳುವಾಗ, ನಾವು ನ್ಯಾವಿಗೇಶನ್ ಎಂಬುದನ್ನು ಒಂದು ವಸ್ತು ಎಂದುಕೊಂಡಿರುತ್ತೇವೆ. ಅದು ಒಂದು ವಸ್ತುವಲ್ಲ. ಬೇರೆ ಬೇರೆ ಆಯುಸ್ಸಿನ ನಾಲ್ಕಾರು ವಸ್ತುಗಳ ಕೂಡುಕುಟುಂಬ. ಚಕ್ರದ ಸುತ್ತನ್ನು ಎಣಿಸುವ ಸೆನ್ಸರ್, ಛಾವಣಿಯ ಮೇಲಿನ ಆಂಟೆನಾ, ಸ್ಪೀಕರು, ಇವೆಲ್ಲ ಕಾರಿನಷ್ಟೇ ಬಾಳುತ್ತವೆ; ನಾನು ಕಾರನ್ನು ಹನ್ನೆರಡು ವರ್ಷ ಓಡಿಸುವವನು. ಪರದೆ ಏಳೆಂಟು ವರ್ಷಕ್ಕೆ ಮಂಕಾಗುತ್ತದೆ. ಲೆಕ್ಕ ಹಾಕುವ ಚಿಪ್ಪು ನಾಲ್ಕೈದು ವರ್ಷಕ್ಕೆ ಏದುಸಿರು ಬಿಡುತ್ತದೆ. ನಕ್ಷೆಯ ಆಯುಸ್ಸು ಒಂದು ಮಳೆಗಾಲ. ದಟ್ಟಣೆಯ ಸುದ್ದಿಯದು ಐದು ನಿಮಿಷ. ಹನ್ನೆರಡು ವರ್ಷದ ಮೈಗೆ ಒಂದು ವರ್ಷದ ನೆನಪನ್ನು ಬೋಲ್ಟು ಹಾಕಿ ಬಿಗಿದರೆ, ಭಾವನವರ ಕಾರಿನಂತೆ ಹೊಲದಲ್ಲಿ ಓಡಬೇಕಾಗುತ್ತದೆ. ಹಾಗೆಯೇ ಕಾರಿಗೆ ಸಹಜವಾಗಿ ಗೊತ್ತಿರುವುದನ್ನು ಬಿಟ್ಟು ಎಲ್ಲವನ್ನೂ ಫೋನಿನ ತಲೆಗೆ ಕಟ್ಟಿದರೆ ಪೀಣ್ಯದ ಸೇತುವೆಯ ಮೇಲೆ ಎಡಕ್ಕೆ ತಿರುಗು ಎನ್ನಿಸಿಕೊಳ್ಳಬೇಕಾಗುತ್ತದೆ.

ಫೋನಿನ ನಕ್ಷೆ ಬೇಗ ಹಳಸದಿರುವುದಕ್ಕೆ ಒಂದು ಕಾರಣವನ್ನು ಚಿತ್ರದುರ್ಗದವರಿಗೆ ವಿವರಿಸುವುದು ಸುಲಭ. ಹೈದರಾಲಿಯ ಸೈನಿಕರಿಗೆ ಕೋಟೆಯ ಕಿಂಡಿಯ ದಾರಿ ಗೊತ್ತಾದದ್ದು ಒಬ್ಬ ಹೆಣ್ಣುಮಗಳು ಅದರ ಮೂಲಕ ಹೋಗಿಬರುವುದನ್ನು ಕಂಡು ಎಂದು ಐತಿಹ್ಯವಿದೆಯಲ್ಲ, ಫೋನಿನ ನಕ್ಷೆಯೂ ಬಹುಮಟ್ಟಿಗೆ ಹಾಗೆಯೇ ಕಲಿಯುತ್ತದೆ. ನಕ್ಷೆಯಲ್ಲಿ ರಸ್ತೆಯೇ ಇಲ್ಲದ ಕಡೆ ಸಾವಿರಾರು ಫೋನುಗಳು ದಿನವೂ ಅರವತ್ತರ ವೇಗದಲ್ಲಿ ಸಾಗುತ್ತಿದ್ದರೆ ಅಲ್ಲೊಂದು ಹೊಸ ದಾರಿಯಿದೆ ಎಂದು ಅದಕ್ಕೆ ಅರ್ಥವಾಗುತ್ತದೆ; ಎಲ್ಲ ಫೋನುಗಳೂ ಒಂದೇ ಜಾಗದಲ್ಲಿ ನಿಂತಿದ್ದರೆ ಅಲ್ಲಿ ದಟ್ಟಣೆ. ನಾವು ಓಡಾಡಿದ ಜಾಡನ್ನೆಲ್ಲ ಯಾರೋ ಕಿಂಡಿಯಿಂದ ನೋಡುತ್ತಿದ್ದಾರೆ ಎಂಬುದು ಇದರ ಇನ್ನೊಂದು ಮುಖ. ನನ್ನ ಹಳೆಯ ಪೆಟ್ಟಿಗೆ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಹೊಸ ದಾರಿಯೂ ಬೇಕು, ಗುಟ್ಟೂ ಉಳಿಯಬೇಕು ಎಂದರೆ ಆಗದು; ನಾನು ದಾರಿಯನ್ನು ಆರಿಸಿಕೊಂಡೆ, ಸಂತೋಷದಿಂದೇನೂ ಅಲ್ಲ.

ಆದರೆ ನನ್ನ ಕೆಲಸದಲ್ಲಿ ತಕ್ಕಡಿಯನ್ನು ಫೋನಿನ ಕಡೆಗೆ ವಾಲಿಸಿದ್ದು ನಕ್ಷೆಯ ತಾಜಾತನಕ್ಕಿಂತ ಹೆಚ್ಚಾಗಿ ಒಂದು ಸಣ್ಣ ಅಭ್ಯಾಸ. ಈಗ ಯಾರೂ ವಿಳಾಸ ಹೇಳುವುದಿಲ್ಲ, ಲೊಕೇಶನ್ ಕಳಿಸುತ್ತಾರೆ. ಟ್ರ್ಯಾಕ್ಟರ್ ಉರುಳಿಸಿಕೊಂಡ ರೈತ ಅಲ್ಲೇ ನಿಂತು ವಾಟ್ಸಾಪಿನಲ್ಲಿ ಕಳಿಸಿದ ಕೆಂಪು ಗುರುತನ್ನು ಒತ್ತಿದರೆ, ಎಷ್ಟು ಗೊಲ್ಲರಹಟ್ಟಿಗಳಿದ್ದರೂ ಬೇಕಾದ ಗೊಲ್ಲರಹಟ್ಟಿಯ ಬೇಕಾದ ಹೊಲದ ಬದುವಿಗೇ ದಾರಿ ತೆರೆದುಕೊಳ್ಳುತ್ತದೆ. ಹೆಸರೂ ಬೇಡ, ಸ್ಪೆಲ್ಲಿಂಗೂ ಬೇಡ. ದಾವಣಗೆರೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಕಲ್ಯಾಣ ಮಂಟಪದ ದಾರಿಗೆ ಕ್ಯೂಆರ್ ಕೋಡ್ ಅಚ್ಚಾಗುತ್ತಿದೆ. 2025ರಲ್ಲಿ ಅಂಚೆ ಇಲಾಖೆ ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿ, ಚೌಕಕ್ಕೊಂದು ಹತ್ತಕ್ಷರದ ಡಿಜಿಪಿನ್ ಕೊಟ್ಟಿದೆ. ಕಾರಿನ ಅಂತರ್ಗತ ನಕ್ಷೆಗೆ ಇವುಗಳಲ್ಲಿ ಯಾವುದನ್ನು ತಿನ್ನಿಸುವುದೂ ಸಲೀಸಲ್ಲ. ಶೋರೂಮಿನಲ್ಲಿ ಟಾಪ್ ಮಾಡೆಲ್‌ನ ಪರದೆಯ ಮುಂದೆ ಕೂತು, ನನ್ನ ಫೋನಿಗೆ ಬಂದಿದ್ದ ಒಂದು ಲೊಕೇಶನ್ನನ್ನು ಅದಕ್ಕೆ ದಾಟಿಸಿ ತೋರಿಸಿ ಎಂದು ಕೇಳಿದೆ. ಹುಡುಗ ಹದಿನೈದು ನಿಮಿಷ ಪ್ರಯತ್ನಿಸಿದ. ಕೊನೆಗೆ, ಕಂಪನಿಯ ಆ್ಯಪ್ ಹಾಕಿಕೊಂಡು, ಅದರಲ್ಲಿ ಖಾತೆ ತೆರೆದು, ಕಾರಿಗೆ ಜೋಡಿಸಿದರೆ ಬರುತ್ತದೆ ಸಾರ್ ಎಂದ. ಆ ಜೋಡಣೆಗೂ ಮೂರು ವರ್ಷದ ನಂತರ ಚಂದಾ ಕಟ್ಟಬೇಕು.

ಉಪಗ್ರಹಗಳ ವಿಷಯದಲ್ಲೂ ಇದೇ ಮಾತು. ನಮ್ಮ ಇಸ್ರೊ 2013ರ ಜುಲೈನಿಂದ 2016ರ ಏಪ್ರಿಲ್‌ವರೆಗೆ ಏಳು ಉಪಗ್ರಹಗಳನ್ನು ಹಾರಿಸಿ, ಜಿಪಿಎಸ್‌ನಂತೆ ದಾರಿ ತೋರಿಸುವ ನಮ್ಮದೇ ನಾವಿಕ್ ವ್ಯವಸ್ಥೆಯನ್ನು ಕಟ್ಟಿತು. ಅದರ ಕೇಂದ್ರವೊಂದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲೇ ಇದೆ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಮೊದಲ್ಗೊಂಡು, ಸಾಮಾನ್ಯ ಸಾಧನಗಳೂ ಸುಲಭವಾಗಿ ಹಿಡಿಯಬಲ್ಲ ಎಲ್1 ತರಂಗಾಂತರವನ್ನು ಅದಕ್ಕೆ ಸೇರಿಸಲಾಗಿದೆ. ಭಾವನವರ ಊರಿನ ಆಚೆಗಿರುವ ಪರೀಕ್ಷಾ ವಲಯದಲ್ಲಿ ಇಸ್ರೊದ ಪುಷ್ಪಕ್ ಎಂಬ ಮರುಬಳಕೆಯ ರಾಕೆಟ್ ವಾಹನ 2024ರ ಮಾರ್ಚ್ 22ರಂದು ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನೇ ರನ್‌ವೇ ಹುಡುಕಿ ಇಳಿಯಿತಲ್ಲ, ಅದರ ಕಣ್ಣುಗಳಲ್ಲಿ ನಾವಿಕ್ ಕೂಡ ಒಂದಾಗಿತ್ತು. ಚಳ್ಳಕೆರೆಯ ಬಯಲಿನಲ್ಲಿ ರಾಕೆಟ್ಟಿನ ತುಂಡೊಂದು ಗೆರೆ ಎಳೆದಂತೆ ಇಳಿಯುವ ಕಾಲದಲ್ಲಿ, ಅದೇ ಚಳ್ಳಕೆರೆಯ ಶೇಂಗಾ ವ್ಯಾಪಾರಿಯ ಕಾರಿನಲ್ಲಿ 2016ರ ರಿಸೀವರ್ ಹಳೆಯ ಜಿಪಿಎಸ್ ಒಂದನ್ನೇ ಕೇಳುತ್ತಾ ಕೂತಿದೆ. ಹೊಸ ಉಪಗ್ರಹ ಬಂದಾಗ ಫೋನು ಬದಲಿಸಿದವನಿಗೆ ಅದು ತಾನಾಗಿ ಸಿಗುತ್ತದೆ. ಕಾರು ಬದಲಿಸುವವರೆಗೆ ಕಾಯುವವನಿಗೆ ಇಲ್ಲ.

ಹಾಗಾದರೆ ಕೆಳಗಿನ ಮಾಡೆಲ್ ಕೊಂಡು, ಫೋನನ್ನು ಗಾಜಿಗೆ ಅಂಟಿಸಿದರಾಯಿತಲ್ಲ? ನಮ್ಮ ಬಿಸಿಲಿನಲ್ಲಿ ಅದು ನಡೆಯುವ ಮಾತಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಜಗಳೂರಿನ ರಸ್ತೆಯಲ್ಲಿ ಮುಂದಿನ ಗಾಜಿಗೆ ಅಂಟಿಕೊಂಡ ಫೋನು, ನಕ್ಷೆಯನ್ನೂ ಬಿಡಿಸುತ್ತಾ ಚಾರ್ಜನ್ನೂ ಕುಡಿಯುತ್ತಾ ನೇರ ಬಿಸಿಲನ್ನೂ ತಾಳಿಕೊಳ್ಳಬೇಕು. ಕೆಲವು ಪ್ರಮುಖ ತಯಾರಕರೇ ತಮ್ಮ ಫೋನುಗಳನ್ನು 35 ಡಿಗ್ರಿಯೊಳಗೆ ಬಳಸಿ ಎಂದು ಹೇಳುತ್ತಾರೆ. ನಮ್ಮಲ್ಲಿ ನೆರಳೇ ಅದನ್ನು ದಾಟಿರುತ್ತದೆ. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ನಿಲ್ಲುತ್ತದೆ, ಕೊನೆಗೆ ತಣ್ಣಗಾಗುವವರೆಗೆ ಕಾಯಿರಿ ಎಂಬ ಸೂಚನೆ ಬರುತ್ತದೆ. ರಬ್ಬರ್ ಬಟ್ಟಲು ಕೂಡ ಬಿಸಿಗೆ ಹಿಡಿತ ಬಿಟ್ಟು, ಬ್ರೇಕ್ ಹಾಕುವ ಹೊತ್ತಿಗೆ ಸರಿಯಾಗಿ ಕಾಲ ಬಳಿ ಬೀಳುತ್ತದೆ. ಅಂಥ ಒಂದು ಕ್ಷಣದಲ್ಲಿ ಫೋನ್ ಹುಡುಕಲು ಬಗ್ಗಿದ ಚಾಲಕರ ಕಾರುಗಳನ್ನು ನಾನು ವೃತ್ತಿಯಲ್ಲಿ ಸಾಕಷ್ಟು ಅಳೆದಿದ್ದೇನೆ. 2020ರ ಅಕ್ಟೋಬರ್‌ನಿಂದ ಜಾರಿಯಾದ ಮೋಟಾರು ವಾಹನ ನಿಯಮದ ತಿದ್ದುಪಡಿ, ಚಾಲನೆಯ ವೇಳೆ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ರೀತಿಯಲ್ಲಿ ಬಳಸಬಹುದು ಎನ್ನುತ್ತದೆ. ಕಾಲ ಬಳಿ ಬಿದ್ದ ಫೋನು ಆ ವಾಕ್ಯದ ಎರಡನೆಯ ಅರ್ಧವನ್ನು ಮುರಿಯುತ್ತದೆ.

ನಾನು ಕೊನೆಗೆ ಕೊಂಡದ್ದು ನಡುವಿನ ಮಾಡೆಲ್ಲನ್ನು. ಅದರಲ್ಲಿ ಪರದೆಯಿದೆ, ನಕ್ಷೆಯಿಲ್ಲ. ಫೋನನ್ನು ಕೇಬಲಿನಿಂದ ಜೋಡಿಸಿದರೆ ಆಂಡ್ರಾಯ್ಡ್ ಆಟೋ ಮೂಲಕ ಅದರ ನಕ್ಷೆ ಕಾರಿನ ಪರದೆಯ ಮೇಲೆ ಮೂಡುತ್ತದೆ. ಫೋನು ಗೇರಿನ ಹಿಂದಿನ ಗೂಡಿನಲ್ಲಿ, ಬಿಸಿಲು ಬೀಳದ ಕಡೆ, ಎಸಿಯ ತಂಪಿನಲ್ಲಿ ಮಲಗಿರುತ್ತದೆ. ವೈರಿಲ್ಲದೆಯೂ ಜೋಡಿಸಬಹುದು, ಆದರೆ ಹಾಗೆ ಮಾಡಿದರೆ ಫೋನು ಮತ್ತೆ ಬಿಸಿಯಾಗುತ್ತದೆ. ದೂರದ ದಾರಿಗೆ ನಾನು ಕೇಬಲನ್ನೇ ನೆಚ್ಚಿದ್ದೇನೆ. ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ ಜಿಲ್ಲೆಗಳ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಟ್ಟುಕೊಂಡಿರುವುದರಿಂದ ಮೊಳಕಾಲ್ಮೂರಿನ ಬೆಟ್ಟದ ಬುಡದಲ್ಲೂ ಅಡ್ಡಿಯಿಲ್ಲ; ನನ್ನ ಹಳೆಯ ಪೆಟ್ಟಿಗೆಯ ಒಂದು ದೊಡ್ಡ ಗುಣ ಹೀಗೆ ಉಳಿದುಕೊಂಡಿತು. ಹೆಸರುಗಳು ಕನ್ನಡ ಲಿಪಿಯಲ್ಲೇ ಕಾಣುತ್ತವೆ, ದಾರಿ ಹೇಳುವವಳೂ ಕನ್ನಡದಲ್ಲೇ ಹೇಳುತ್ತಾಳೆ. ಕೆರೆಗಳಿಗೆ ಮತ್ತೆ ನೀರು ಬಂದಿದೆ.

ಕಳೆದುಕೊಂಡದ್ದೂ ಇದೆ. ಫೋನಿಗೆ ತನ್ನ ಆಂಟೆನಾದ ಮತ್ತು ಚಕ್ರದ ಲೆಕ್ಕವನ್ನು ದಾಟಿಸುವ ಕಾರುಗಳು ಇವೆಯಂತೆ. ನನ್ನ ಮಾಡೆಲ್ ಅವುಗಳಲ್ಲಿ ಒಂದಲ್ಲ. ಹೆದ್ದಾರಿ ಮತ್ತು ಅದರ ಪಕ್ಕದ ಸರ್ವಿಸ್ ರಸ್ತೆಯ ನಡುವೆ ಅದು ಇಂದಿಗೂ ಆಗಾಗ ಎಡವುತ್ತದೆ, ಮತ್ತು ಹಾಗೆ ಎಡವಿದಾಗ ಒಂದು ಅಂಡರ್‌ಪಾಸ್ ತಪ್ಪಿ ಮುಂದಿನದಕ್ಕೆ ನಾಲ್ಕೈದು ಕಿಲೋಮೀಟರ್ ಹೋಗಿ ಬರಬೇಕಾಗುತ್ತದೆ. ಪರದೆ ಸ್ವಲ್ಪ ಕೆಳಗಿದೆ. ಗಾಜಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಲು ರಸ್ತೆಯಿಂದ ಕಣ್ಣು ಇಳಿಸಬೇಕಾಗಿರಲಿಲ್ಲ. ಹಾಗಾಗಿ ನೋಡುವುದನ್ನು ಕಡಿಮೆ ಮಾಡಿ ಕೇಳುವುದನ್ನು ರೂಢಿಸಿಕೊಂಡಿದ್ದೇನೆ.

ಕಾರನ್ನು ಒಯ್ಯುವ ದಿನ, ಪೂಜೆಗೆ ನಿಂಬೆಹಣ್ಣು ಇಡುತ್ತಿದ್ದ ಹೊತ್ತಿನಲ್ಲಿ, ಶೋರೂಮಿನ ಆ ಹುಡುಗನನ್ನು ಕರೆದು ಈ ಪರದೆಯನ್ನು ಎಂಟು ವರ್ಷದ ಮೇಲೆ ಬಿಚ್ಚಿ ಬೇರೆಯದನ್ನು ಕೂರಿಸಲು ಬರುತ್ತದೆಯೇ ಎಂದು ಕೇಳಿದೆ. ಹೊಸ ಕಾರಿನ ಕೀಲಿಯನ್ನು ಇನ್ನೂ ಕೈಗೆ ತೆಗೆದುಕೊಳ್ಳದವರು ಹೀಗೆ ಕೇಳುವುದನ್ನು ಅವನು ಕಂಡಿರಲಿಲ್ಲವೆಂದು ತೋರುತ್ತದೆ. ಒಳಗೆ ಹೋಗಿ ಮೆಕ್ಯಾನಿಕ್ಕನ್ನೇ ಕರೆತಂದ. ಆತ ಅಂಚಿನಲ್ಲಿ ಬೆರಳಾಡಿಸಿ ನೋಡಿ, ಎಸಿಯ ಗುಂಡಿಗಳೂ ರಿವರ್ಸ್ ಕ್ಯಾಮೆರಾವೂ ಇದರೊಳಗೇ ಬಂದಿವೆ, ಸುಲಭವಲ್ಲ ಸಾರ್ ಎಂದ. ಗಾಜಿನ ಹಳೆಯ ಹೋಲ್ಡರನ್ನು ನಾನು ಎಸೆದಿಲ್ಲ. ಹೊಸ ಕಾರಿನ ಗ್ಲೋವ್ ಬಾಕ್ಸಿನಲ್ಲಿ, ಒಂದು ಹೆಚ್ಚುವರಿ ಕೇಬಲಿನ ಜೊತೆಗೆ, ಅದು ಕೂತಿದೆ.